ಕಲ್ಲು ಹೇರಿ ಮುಳುಗಿಸಿದ ದೋಣಿ

ಕೃಷ್ಣಾ ದಂಡೆ, ದೇವದುರ್ಗ ತಾಲ್ಲೂಕು
ಭಾನುವಾರ

ಯವ್ವಾ, ಜೈಭೀಮ್.

ಇಲ್ಲಿ ಫೋನು ಹತ್ತುವುದಿಲ್ಲ, ಅದಕ್ಕೇ ಕಾರ್ಡು. ತಮ್ಮನ ಕೈಲಿ ಓದಿಸಿಕೋ. ನನ್ನ ಹೊಸ ಶಾಲೆ ಇರುವುದು ಹೊಳೆಯ ನಡುಗಡ್ಡೆಯಲ್ಲಿ. ನಾಳೆಯಿಂದ ದೋಣಿಯಲ್ಲೇ ಹೋಗಬೇಕು. ಆ ದೋಣಿಯನ್ನು ಇವತ್ತು ನೋಡಿದೆ. ದಂಡೆಯ ಬದಿಗೆ ಪೂರ್ತಿ ಮುಳುಗಿ ಕೂತಿದೆ, ಒಳಗೆ ಕಲ್ಲು ಬೇರೆ ಹೇರಿದ್ದಾರೆ!

ದೋಣಿ ಕಟ್ಟುವ ಹಳೆಯ ಚಪ್ಪರದಲ್ಲಿ ಈಗ ಉಳಿದವನು ಕನಕರಾಯ ತಾತ ಒಬ್ಬನೇ. ಅವನ ಮುತ್ತಜ್ಜ ಹಾಕಿದ ಚಪ್ಪರವಂತೆ. "ಬಿಸಲಿಗಿ ಹಲಗಿ ಬಾಯಿ ಬಿಟ್ಟಾವ್ರಿ ಟೀಚರಮ್ಮ. ನೀರು ಕುಡದು ಉಬ್ಬಿದ್ರ ಸಂದಿ ತಾನ ಮುಚ್ಚತದ," ಎಂದ. ಸಂದಿಗೆ ತುರುಕಿರುವುದು ಹತ್ತಿ, ಯವ್ವಾ! ನೀನು ಕಲ್ಲೂರಿನ ಹೊಲದಲ್ಲಿ ಬಿಡಿಸುತ್ತೀಯಲ್ಲ, ಅಂಥದ್ದೇ ಹತ್ತಿ. ಮೇಲೆ ಒಂದಿಷ್ಟು ಡಾಂಬರು.

ಇಲ್ಲೊಂದು ಪದ್ಧತಿಯಿದೆ: ರಿಪೇರಿಯಾದ ದೋಣಿ ಮತ್ತೆ ಹೊಳೆಗಿಳಿದಾಗ, ಮಾಡಿದವನು ಮೊದಲು ತನ್ನ ಮನೆಯವರನ್ನೇ ಕೂರಿಸಿಕೊಂಡು ದಾಟಬೇಕು. ಆಮೇಲೆಯೇ ಊರವರು ಹತ್ತುವುದು. ತಾತನಿಗೆ ಹೆಂಡತಿಯೂ ಇಲ್ಲ, ಮಕ್ಕಳೂ ಇಲ್ಲ. "ನಾಳಿ ನೀವ ನನ್ನ ಮಗಳಾಗಿ ಕುಂದ್ರಬೇಕ್ರಿ," ಎಂದು ಕೈ ಮುಗಿದ. ದಂಡೆಯ ಮೇಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಆಗಲಿ ಎಂದುಬಿಟ್ಟೆ.

ನನ್ನ ಜ್ವರ ಬಿಟ್ಟಿದೆ. ನೀನು ಬಿಪಿ ಗುಳಿಗೆ ತಪ್ಪಿಸಬೇಡ. ಕಾರ್ಡು ಒಯ್ಯುವವರು ಬಾಗಿಲಲ್ಲೇ ನಿಂತಿದ್ದಾರೆ. ಇದು ನಿನಗೆ ಮುಟ್ಟುವಷ್ಟರಲ್ಲಿ ನಾನು ದಾಟಿರುತ್ತೇನೆ. ನನಗೆ ಈಜು ಬರುವುದಿಲ್ಲವೆಂದು ತಾತನಿಗೆ ಹೇಳಲು ಬಾಯಿಯೇ ಬರಲಿಲ್ಲ.

ನಿನ್ನ ಸಂಘಮಿತ್ರಾ