ಕುಣಿದದ್ದಷ್ಟೇ ಕಂಡಿತು

ಹಾವೇರಿ
11 ಡಿಸೆಂಬರ್ 2024

ನನ್ನ ಅವ್ವಗ,

ನಿನ್ನ ಸ್ನೇಹಾಳ ಶರಣು. ಫೋನ್ ಮಾಡಿದರೆ ಅಪ್ಪಾಜಿ ಎತ್ತಿ ಇಟ್ಟುಬಿಡುತ್ತಾರೆ. ಅದಕ್ಕೇ ಬ್ಯಾಡಗಿಯಿಂದ ದಿನಾ ರೈಲಿಗೆ ಬಂದುಹೋಗುವ ನಮ್ಮ ಓಣಿಯ ಸುಧಾರಾಣಿಯ ಕೈಗೆ ಇದನ್ನು ಕೊಡುತ್ತಿದ್ದೇನೆ. ಒಬ್ಬಳೇ ಕುಳಿತು ಓದು.

ಆ ವಿಡಿಯೊ ನೀನೂ ನೋಡಿರುತ್ತಿ. ಎಂ.ಎ. ಫೀ ಏರಿಸಿದ್ದರ ವಿರುದ್ಧ ನಾವು ಧರಣಿ ಕುಳಿತ ಪೆಂಡಾಲಿನಲ್ಲಿ ನಾನು ವೇಲು ಸೊಂಟಕ್ಕೆ ಕಟ್ಟಿಕೊಂಡು ಕುಣಿದದ್ದು. ‘ಫೀ ಕಟ್ಟಾಕ ರೊಕ್ಕಿಲ್ಲ, ಕುಣಿಯಾಕ ಹುರುಪೈತಿ’ ಎಂದು ಯಾರೋ ಅದರ ಮೇಲೆ ಬರೆದು ಊರೆಲ್ಲ ಹಂಚಿದರು. ಮೆಣಸಿನಕಾಯಿ ಪೇಟೆಯಲ್ಲಿ ಅಪ್ಪಾಜಿಯ ಅಂಗಡಿ ಮುಂದೆಯೇ ಮಂದಿ ನೋಡಿ ನಕ್ಕರಂತೆ. ‘ನಿನಗೇನ ಕಮ್ಮಿ ಮಾಡೇನಿ? ಮಂದಿ ಮಕ್ಕಳ ಸಲುವಾಗಿ ನೀ ಯಾಕ ಬೀದ್ಯಾಗ ಕುಂತಿ?’ ಎಂದು ಅವರು ಕೇಳಿದರು. ಅವರಿಗೆ ಹೇಳದ್ದನ್ನು ನಿನಗೆ ಹೇಳುತ್ತೇನೆ.

ಅವತ್ತು ತರನ್ನುಮ ಮಾತಾಡಲು ಎದ್ದಿದ್ದಳು. ನನ್ನ ಗೆಳತಿ, ನಮ್ಮ ಕ್ಲಾಸಿಗೇ ಫಸ್ಟ್ ಬರುವವಳು. ಅವಳ ಭಾಷಣ ಅವಳಿಗೇ ತೋರಿಸೋಣವೆಂದು ನಾನು ಫೋನಿನಲ್ಲಿ ಹಿಡಿಯುತ್ತಿದ್ದೆ. ‘ನಾ ಓದು ಬಿಡಾಕತ್ತೇನಿ, ಮನ್ಯಾಗ ಇನ್ನೂ ಹೇಳಿಲ್ಲ’ ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು. ಉಳಿದವರೂ ಫೋನ್ ತೆಗೆದು ಅವಳತ್ತ ನುಗ್ಗಿದರು. ನನಗೆ ಏನೂ ತೋಚಲಿಲ್ಲ. ಹಲಗೆಯವನಿಗೆ ಬಾರಿಸು ಎಂದು ಕೂಗಿ ನಡುವೆ ನಿಂತು ಕುಣಿದೆ. ಫೋನುಗಳೆಲ್ಲ ನನ್ನ ಕಡೆ ತಿರುಗಿದವು. ಅವಳು ಕಣ್ಣೊರೆಸಿಕೊಂಡು ಸರಿದು ನಿಂತಳು, ಅವ್ವ.

ಈಗ ನಮ್ಮವರೇ ನನ್ನನ್ನು ಹಿಂದೆ ಕೂಡಿಸಿದ್ದಾರೆ. ಧರಣಿಯ ಮುಂದಾಳು ರುದ್ರಮುನಿ, ‘ನೀ ಮುಂದ ಕುಂತರ ಹೋರಾಟದ ಮರ್ಯಾದಿ ಹೋಗತೈತಿ. ತರನ್ನುಮ ಅತ್ತದ್ದು ನಿನ್ನ ಹತ್ರ ಐತೆಲ್ಲ, ಅದನ್ನ ಎಲ್ಲಾರಿಗೂ ಹಂಚೋಣು. ಮಂದಿ ನಮ್ಮ ಕಡೆ ಆಗತಾರ, ನಿನ್ನ ಹೆಸರೂ ಉಳೀತೈತಿ’ ಎಂದ. ಅವನ ಮಾತು ಖರೇನೇ. ಆದರೂ ಅವನ ಎದುರಿಗೇ ಅದನ್ನು ಅಳಿಸಿಬಿಟ್ಟೆ. ಅಂದಿನಿಂದ ಅವನು ನನ್ನ ಸಂಗಡ ಮಾತು ಬಿಟ್ಟಿದ್ದಾನೆ. ಪೆಂಡಾಲು ಬರಿದಾಗುತ್ತಿದೆ, ಫೀ ಇಳಿದಿಲ್ಲ. ಒಬ್ಬಳ ಮಾನ ಕಾಯಲು ಹೋಗಿ ಎಲ್ಲರ ಹೋರಾಟ ಕೆಡಿಸಿದೆನೇನೋ ಎಂದು ಎದೆ ಸುಡುತ್ತದೆ.

ಅಪ್ಪಾಜಿಗೆ ಇದನ್ನು ಹೇಳಬೇಡ. ನನ್ನ ಮೇಲಿನ ಮಾತು ತೊಳೆಯಲು ಪೇಟೆ ತುಂಬಾ ಅವಳ ಹೆಸರು ಹೇಳಿಬಿಡುತ್ತಾರೆ.

ನಿನ್ನ ಮಗಳು,
ಸ್ನೇಹಾ

ತಾ.ಕ.: ನನ್ನ ರೂಮಿಗೆ ಯಾರನ್ನೂ ಕಳಿಸಬೇಡ. ‘ಇಂಥಾ ಹುಡುಗಿ ನಮಗ ಬ್ಯಾಡ’ ಎಂದು ಮಾಲೀಕರು ಖಾಲಿ ಮಾಡಿಸಿದರು. ತರನ್ನುಮಳ ತಾಯಿ ಮೆಹಬೂಬಿ ತಮ್ಮ ಮನೆಗೆ ಕರೆತಂದಿದ್ದಾರೆ. ನಾನು ಕುಣಿದ ವಿಡಿಯೊ ಅವರೂ ನೋಡಿದ್ದಾರೆ. ನಿನ್ನೆ ರೊಟ್ಟಿ ಬಡಿಯುತ್ತ, ‘ನಮ್ಮ ಹುಡುಗಿ ಯಾಕೋ ನಗೋದ ಬಿಟ್ಟಾಳವಾ. ನೀ ಇದ್ದರ ನಕ್ಕಾಳು, ಇಲ್ಲೇ ಇರು’ ಎಂದರು. ನಾನು ತಲೆ ಎತ್ತದೆ ಉಂಡೆ.