ಗುಂಡಗಾಗದ ವೃತ್ತ

ಗುರುವಾರ, ಮಧ್ಯಾಹ್ನ

ಚೂಟಿ,

ಮಾವನಿಂದ ತಲೆಗೊಂದು ಮೊಟಕು, ಕೆನ್ನೆಗೊಂದು ಮುತ್ತು. ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಕುಣಿದರೆ ರಸ್ತೆಗೆ ಬೈ, ನನಗಲ್ಲ. ಫೋನಿನಲ್ಲಿ ಕೇಳೋಣವೆಂದರೆ ನಿನ್ನಮ್ಮ ಬಾಗಿಲ ಹಿಂದೆಯೇ ಕಿವಿ ಇಟ್ಟುಕೊಂಡು ನಿಂತಿರುತ್ತಾಳೆ.

ಸಾಲು ಸಾಲು ಆಜ್ಞೆ ಟೈಪು ಮಾಡಿ ಕಂಪ್ಯೂಟರಿನಿಂದ ಚಿತ್ರ ಬರೆಸುವುದನ್ನು ಕಲಿಸುವ ಇಟ್ಟಿಗೆಯಂಥ ಪುಸ್ತಕ ಬಿಟ್ಟುಹೋದೆಯಲ್ಲ, ಅದೀಗ ನನ್ನ ಕೈಯಲ್ಲಿದೆ. ನಿನ್ನ ಹಳೇ ಕಂಪ್ಯೂಟರೂ. ನಗಬೇಡ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವನಿಗೆ ಇಂಗ್ಲಿಷ್ ಅರ್ಥವಾಗುತ್ತಾ ಅಂತ ಕೇಳಬೇಡ. ಬೋರ್ಡು ಬರೆಯುವವನಿಗೆ ಅರ್ಥ ಯಾಕೆ? ಮೂವತ್ತು ವರ್ಷ ಕಂಡದ್ದನ್ನು ಕಂಡ ಹಾಗೆ ಬರೆದವನು ನಾನು. ಈ ಬೀದಿಯಲ್ಲಿ ನನ್ನ ಕುಂಚ ಮುಟ್ಟದ ಅಂಗಡಿ ಒಂದು ತೋರಿಸು!

ಅದೇ ಮುಳುವಾಯಿತು. ಪುಸ್ತಕದಲ್ಲಿ ಪ್ರತಿ ಸಾಲಿನ ಅಂಚಿಗೂ ಒಂದು, ಎರಡು, ಮೂರು ಅಂತ ಅಂಕಿ ಇದೆಯಲ್ಲ, ಅದನ್ನೂ ಬಿಡದೆ ಟೈಪು ಮಾಡಿದೆ. ಯಂತ್ರ ಮೂರು ದಿನ ನನ್ನನ್ನು ಕೆಂಪಕ್ಷರದಲ್ಲಿ ಬೈದಿತು. ಅಂಕಿ ಬರೀ ಎಣಿಕೆಗೆ ಅಂತ ನಾನೇ ಕಂಡುಹಿಡಿದೆ. ನಿನಗಾದರೆ ಮೇಷ್ಟ್ರು ಹೇಳಿಕೊಟ್ಟಿದ್ದರು.

ಇಷ್ಟೆಲ್ಲ ರಗಳೆ ಶಾಲೆಯ ಹೆಡ್‌ಮೇಡಂ ದೆಸೆಯಿಂದ. ಹೋದ ಸಲದ ಬೋರ್ಡಿನಲ್ಲಿ ಅಕ್ಷರ ಯಾಕೋ ಅಲುಗಿದ ಹಾಗಿದೆ, ಈ ಸಲ ಪ್ರೆಸ್ಸಿನವರಿಗೆ ಕೊಡ್ತೀವಿ ಅಂದರು. ಏಣಿ ಮೇಲೆ ಗಾಳಿ ಮೇಡಂ ಅಂದೆ. ಅಲ್ಲಿಗೆ ಸುಮ್ಮನಿರಬಾರದಿತ್ತೆ? ಈ ಹಾಳು ನಾಲಿಗೆ! ನಾನೇ ಕಂಪ್ಯೂಟರಿನಲ್ಲಿ ಬರೆದು ಕೊಡ್ತೀನಿ ಅಂದುಬಿಟ್ಟೆ. ದೊಡ್ಡ ವೃತ್ತ, ಒಳಗೆ ಶಾಲೆಯ ಹೆಸರು. ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ಹಲಗೆಗೆ ಅಂಟಿಸಿದರೆ ಮುಗಿಯಿತು, ಕುಂಚವೇ ಬೇಡ. ಹನ್ನೆರಡು ದಿನ ಉಳಿದಿದೆ. ತಪ್ಪಿದರೆ ಈ ಬೋರ್ಡು ಪ್ರೆಸ್ಸಿನ ಪಾಲು, ಆಮೇಲೆ ಬೀದಿಯವರೆಲ್ಲ ಅತ್ತಲೇ ನಡೆಯುತ್ತಾರೆ.

ಈಗ ಪುಟ ನೂರ ನಲವತ್ಮೂರು. ಪುಸ್ತಕದಲ್ಲಿ ವೃತ್ತ ಗುಂಡಗಿದೆ, ನನಗೆ ಮೊಟ್ಟೆ ಬರುತ್ತದೆ. ಏಳುತ್ತೇನೆ, ಕೂರುತ್ತೇನೆ, ಬಾಗಿಲವರೆಗೆ ಹೋಗಿ ಬಂದು ಮತ್ತೆ ಗುಂಡಿ ಒತ್ತುತ್ತೇನೆ. ಮೊಟ್ಟೆ. ಕೋಳಿ ಯಾವಾಗ ತರ್ತೀಯೋ ಅಂತ ನಿನ್ನಮ್ಮ ಕೇಳಿದಳು. ತಡಿ, ಇನ್ನೊಂದು ಸಲ ಒತ್ತಿ ನೋಡಿದೆ. ಮೊಟ್ಟೆಯೇ.

ಪರದೆ ಎತ್ತರಕ್ಕಿಂತ ಅಗಲ ಜಾಸ್ತಿ ಇದೆ. ನನಗೆ ಅದರ ಮೇಲೇ ಅನುಮಾನ. ಹೌದಾ? ಯಾವ ಸಾಲು ತಿದ್ದಬೇಕು ಅಂತ ಕೂಡಲೇ ಬರೆ. ಅಷ್ಟು ಹೇಳು ಸಾಕು, ಮಿಕ್ಕಿದ್ದು ಮಾವನಿಗೆ ಬಿಡು.

ಇತಿ,
ಆರುನೂರು ಪುಟದಲ್ಲಿ ನೂರ ನಲವತ್ತೆರಡು ಗೆದ್ದಿರುವ
ನಿನ್ನ ಬೋರ್ಡು ಮಾವ

ಮತ್ತೆ: ಬಸ್ಸು ಸುಳ್ಳು. ಬೆಳಿಗ್ಗೆಯಿಂದ ಮನೆಯಲ್ಲೇ ಇದ್ದೇನೆ, ಮೇಜು ಅಲುಗುತ್ತಿಲ್ಲ. ಅವತ್ತು ಏಣಿ ಮೇಲೆ ಗಾಳಿಯೂ ಇರಲಿಲ್ಲ. ಅಮ್ಮನಿಗೆ ಹೇಳಬೇಡ. ಮೊಟ್ಟೆಯ ಅಚ್ಚೊಂದು ಇದರ ಜೊತೆ ಇಟ್ಟಿದ್ದೇನೆ. ಗುಂಡಗಿಲ್ಲ, ನಿಜ. ಆದರೆ ಗೆರೆ ನೋಡೇ, ಎಲ್ಲೂ ನಡುಗಿಲ್ಲ.