ಮೂರನೇ ಬಾಟಲಿಯ ಎಣ್ಣೆ

ಗಂಡಸಿ
ಭಾನುವಾರ, 16 ನವೆಂಬರ್ 2025

ಮುದ್ದು ಪ್ರತಿಮಾ,

ನಿನ್ನ ಶೀತ ಹೇಗಿದೆ? ಹಾಸ್ಟೆಲಿನ ಊಟ ಬಿಟ್ಟು ಬನ್ನು ತಿಂದುಕೊಂಡಿರುತ್ತೀಯ, ನನಗೆ ಗೊತ್ತು. ನನ್ನ ಮಂಡಿಯೊಂದನ್ನು ಬಿಟ್ಟರೆ ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ.

ಬೇರೆ ಬೇರೆ ದಿನ ಕಾಯಿಸಿದ, ಮೂಗಿಗೆ ಬಿಡುವ ಎಣ್ಣೆಯ ನಾಲ್ಕು ಬಾಟಲಿಗಳನ್ನು ನೀನು ನಿಮ್ಮ ಕಾಲೇಜಿನ ಲ್ಯಾಬಿಗೆ ಒಯ್ದ ದಿನದಿಂದ ನಿಮ್ಮ ತಾತ ಪರೀಕ್ಷೆ ಬರೆದ ಹುಡುಗನ ಹಾಗೆ ಫಲಿತಾಂಶ ಕಾಯುತ್ತಿದ್ದರು. ಉಳಿದವೆಲ್ಲ ಸರಿ, ಮೂರನೆಯದರಲ್ಲಿ ಮಾತ್ರ ನೀರಿನಂಶ ಉಳಿದಿದೆ, ಆಮ್ಲ ಹೆಚ್ಚಿದೆ ಎಂದು ನೀನು ಫೋನಿನಲ್ಲಿ ಹೇಳಿದ ಮೇಲೆ ಮುಖ ಊದಿಸಿಕೊಂಡು ಕೂತಿದ್ದಾರೆ. “ನಲವತ್ತು ವರ್ಷದಿಂದ ಕಾಯಿಸ್ತಿವ್ನಿ. ಆ ಮಿಷನ್‌ಗೇನು ಮೂಗೈತಾ?” ಎಂದು ನನ್ನನ್ನು ಕೇಳುತ್ತಾರೆ, ಮಿಷನ್ ನಾನೇ ತಂದಿಟ್ಟ ಹಾಗೆ. ಕಾಯಿಸುವ ಕ್ರಮ ಬರೆದು ಕಳಿಸಿ ಅಂದೆಯಲ್ಲ, ಅವರು ಹೇಳಿದಂತೆಯೇ ಬರೆದಿದ್ದೇನೆ. ಲಾವಂಚ, ದೇವದಾರು, ಬಿಲ್ವದ ಬೇರಿನ ಕಷಾಯದಲ್ಲಿ ಎಳ್ಳೆಣ್ಣೆಯನ್ನು ಹತ್ತು ಸಲ ಕಾಯಿಸಬೇಕು. ಹತ್ತನೆಯ ಸಲ ಆಡಿನ ಹಾಲು ಸೇರಿಸಬೇಕು. ಹಾಲಿನ ಹಸಿ ವಾಸನೆ ಹೋಗಿ ಬೇರಿನ ಘಮ ಎದ್ದ ಕ್ಷಣವೇ ಇಳಿಸಬೇಕು. ಬತ್ತಿ ಅದ್ದಿ ಹಚ್ಚಿ, ಚಟಪಟ ಸದ್ದು ಬಂದರೆ ನೀರಿದೆ ಎಂದು ತಿಳಿಯುವವರೂ ಇದ್ದಾರೆ. ನಿಮ್ಮ ತಾತನಿಗೆ ಅದು ಅವಮಾನ. “ಮೂಗಿರೋನ್ಗೆ ಬತ್ತಿ ಯಾಕೆ?” ಅನ್ನುತ್ತಾರೆ.

ಹೊತ್ತಿಗೆ ಸರಿಯಾಗಿ ಉಣ್ಣು. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಜ್ಜಿ,
ಸುವರ್ಣಮ್ಮ

ಮರೆತಿದ್ದು: ತಾತ ಇದನ್ನು ಓದಿ, ಸರಿಯಾಗಿದೆ ಅಂದು ಸ್ನಾನಕ್ಕೆ ಹೋಗಿದ್ದಾರೆ. ನಾಲ್ಕು ವರ್ಷದ ಹಿಂದಿನ ಆ ಜ್ವರದ ನಂತರ ಅವರಿಗೆ ವಾಸನೆಯೇ ತಿಳಿಯುವುದಿಲ್ಲ ಕಣೇ. ದಿನಾ ಬೆಳಿಗ್ಗೆ ತಾವೇ ಎರಡು ಹನಿ ಬಿಟ್ಟುಕೊಂಡು, ಪೂಜೆಯ ಮಲ್ಲಿಗೆ ಮೂಸಿ, ಸುಮ್ಮನೆ ತಟ್ಟೆಗಿಡುತ್ತಾರೆ. ನನಗೆ ಹೇಳಿಲ್ಲ, ನಾನೂ ಕೇಳಿಲ್ಲ. ಎಣ್ಣೆ ಕಾಯುವಾಗ ಬಾಗಿಲಲ್ಲಿ ನಿಂತಿರುತ್ತೇನೆ. ಹದ ಬಂದಾಗ ಕೆಮ್ಮುತ್ತೇನೆ, ಅವರು ಇಳಿಸುತ್ತಾರೆ. ಮೂರನೇ ಬಾಟಲಿಯ ಎಣ್ಣೆ ಕಾಯಿಸಿದ ದಿನ ನಾನು ಹಗರೆಯಲ್ಲಿ ತಂಗಿಯ ಮನೆಯಲ್ಲಿದ್ದೆ. ಉಳಿದ ಆ ಎಣ್ಣೆಯನ್ನೆಲ್ಲ ನೆನ್ನೆ ತೆಂಗಿನ ಬುಡಕ್ಕೆ ಸುರಿದೆ. ನಿನ್ನ ವರದಿಯಲ್ಲಿ ಸತ್ಯವನ್ನೇ ಬರೆ. ಆದರೆ ಇನ್ನು ಮೇಲೆ ಪ್ರತಿ ಸಲ ಬತ್ತಿ ಹಚ್ಚಿ ನೋಡಲೇಬೇಕು, ಅದು ಕಾಲೇಜಿನ ರೂಲ್ಸು ಅಂತ ಅವರಿಗೆ ನೀನೇ ಫೋನ್ ಮಾಡಿ ಹೇಳು. ನಿನ್ನ ಮಾತಾದರೆ ಗೊಣಗಿಕೊಂಡಾದರೂ ಕೇಳುತ್ತಾರೆ. ನನಗೂ ವಯಸ್ಸಾಯಿತು, ಎಷ್ಟು ವರ್ಷ ಅಂತ ಬಾಗಿಲಲ್ಲಿ ನಿಂತು ಕೆಮ್ಮಲಿ?